ಎಣಿಕೆಯ ಮೇಜಿನಲ್ಲಿ ಬದಲಾದ ಫಲಿತಾಂಶ, ಮತಪತ್ರದಲ್ಲಿ ಉಳಿದ ತೀರ್ಪು

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)



ಮತದಾರರು ನೀಡಿದ ತೀರ್ಪನ್ನು ಎಣಿಕೆಯ ಹಂತದಲ್ಲಿ ತಿರುಗಿಸುವ ಪ್ರಯತ್ನ ನಡೆದರೆ ಅದನ್ನು ತಡೆಯುವುದು ಯಾವುದು? ‘ಪ್ರಾಮಾಣಿಕ ಅಧಿಕಾರಿ’ ಎಂಬುದು ನಮಗೆ ಮೊದಲು ಹೊಳೆಯುವ ಉತ್ತರ. ಅದು ಅರ್ಧ ಉತ್ತರ ಮಾತ್ರ. ಅಧಿಕಾರಿಯೇ ದಾರಿ ತಪ್ಪಿದಾಗಲೂ ತೀರ್ಪು ಅಳಿಯದಂತೆ ಕಾಯುವ ವ್ಯವಸ್ಥೆ ಉಳಿದ ಅರ್ಧ. ಇದನ್ನು ಅರಿಯಲು 2024ರ ಚಂಡೀಗಢ ಮೇಯರ್ ಚುನಾವಣೆ ಉತ್ತಮ ನಿದರ್ಶನ. ನಮ್ಮಲ್ಲಿ ಅಧ್ಯಕ್ಷರನ್ನು ಸದಸ್ಯರು ಆರಿಸುವಂತೆ ಅಲ್ಲಿ ಮೇಯರ್ ಅವರನ್ನು ಪಾಲಿಕೆಯ ಸದಸ್ಯರೇ ಆರಿಸುತ್ತಾರೆ.

1. ನಡೆದ ಸಂಗತಿ

ಚಂಡೀಗಢ ಮಹಾನಗರ ಪಾಲಿಕೆಯಲ್ಲಿ ಚುನಾಯಿತ ಸದಸ್ಯರು 35 ಮಂದಿ. ಆ ಕ್ಷೇತ್ರದ ಲೋಕಸಭಾ ಸದಸ್ಯರಿಗೂ ಮತವಿರುವುದರಿಂದ ಒಟ್ಟು ಮತಗಳು 36. ಚುನಾವಣೆಗೆ ಮೊದಲು ಗೊತ್ತುಪಡಿಸಿದ್ದ ದಿನ 2024ರ ಜನವರಿ 18. ಅಂದು ಅದು ನಡೆಯದೆ ಮುಂದೂಡಲ್ಪಟ್ಟಿತು. ಬಳಿಕ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ಜನವರಿ 30ರಂದು ನಡೆಯಿತು.

ಎಲ್ಲ 36 ಮತಗಳೂ ಚಲಾವಣೆಯಾದವು. ಎಣಿಕೆಯ ಬಳಿಕ ಚುನಾವಣಾಧಿಕಾರಿ ಅನಿಲ್ ಮಸೀಹ್ ಅವರು ಮನೋಜ್ ಸೋನ್‌ಕರ್ ಅವರಿಗೆ 16 ಹಾಗೂ ಕುಲದೀಪ್ ಕುಮಾರ್ ಅವರಿಗೆ 12 ಮತಗಳು ಬಂದಿವೆಯೆಂದೂ ಉಳಿದ 8 ಮತಪತ್ರಗಳು ಅಸಿಂಧುವೆಂದೂ ಪ್ರಕಟಿಸಿದರು. ಎಣಿಕೆಯ ವೇಳೆ ಅವರು ಮತಪತ್ರಗಳ ಮೇಲೆ ಗುರುತು ಹಾಕುತ್ತಿದ್ದ ದೃಶ್ಯ ವಿಡಿಯೋದಲ್ಲಿ ದಾಖಲಾಗಿತ್ತು.

ಪರಾಜಿತರೆಂದು ಘೋಷಿಸಲ್ಪಟ್ಟ ಅಭ್ಯರ್ಥಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಅಲ್ಲಿ ತಕ್ಷಣದ ತಡೆಯಾಜ್ಞೆ ದೊರೆಯದಿದ್ದಾಗ ಸರ್ವೋಚ್ಚ ನ್ಯಾಯಾಲಯದ ಮೊರೆ ಹೊಕ್ಕರು. ಫೆಬ್ರವರಿ 5ರಂದು ಆ ನ್ಯಾಯಾಲಯವು ಮತಪತ್ರ, ವಿಡಿಯೋ ಹಾಗೂ ಇತರ ದಾಖಲೆಗಳನ್ನು ಉಚ್ಚ ನ್ಯಾಯಾಲಯದ ರಿಜಿಸ್ಟ್ರಾರ್ ಜನರಲ್ ಅವರ ವಶಕ್ಕೆ ನೀಡುವಂತೆ ಆದೇಶಿಸಿತು. ಫೆಬ್ರವರಿ 20ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಮೂವರು ನ್ಯಾಯಮೂರ್ತಿಗಳ ಪೀಠ ಆ 8 ಮತಪತ್ರಗಳನ್ನು ತಾನೇ ಕಣ್ಣಾರೆ ಪರಿಶೀಲಿಸಿತು. ಎಂಟೂ ಕುಲದೀಪ್ ಕುಮಾರ್ ಅವರಿಗೆ ಬಿದ್ದಿದ್ದ ಸಿಂಧು ಮತಗಳಾಗಿದ್ದವು. 12 ಮತಗಳು 20 ಆದವು. ಘೋಷಿತ ಫಲಿತಾಂಶ ರದ್ದಾಯಿತು, ಕುಲದೀಪ್ ಕುಮಾರ್ ಚುನಾಯಿತರೆಂದು ನ್ಯಾಯಾಲಯವೇ ಘೋಷಿಸಿತು. ನ್ಯಾಯಾಲಯದ ಮುಂದೆ ಸುಳ್ಳು ಹೇಳಿಕೆ ನೀಡಿದ ಬಗ್ಗೆ ಕಾರಣ ಕೇಳಿ ಚುನಾವಣಾಧಿಕಾರಿಗೆ ನೋಟಿಸ್ ನೀಡಲು ಸಹ ಆದೇಶವಾಯಿತು.

2. ತೀರ್ಪು ಉಳಿದದ್ದು ಹೇಗೆ?

(ಅ) ಅಧಿಕಾರಕ್ಕೆ ಲಿಖಿತ ಮಿತಿ ಇತ್ತು. ಮತಪತ್ರವನ್ನು ಅಸಿಂಧುಗೊಳಿಸಲು ಅಲ್ಲಿನ ನಿಯಮದಲ್ಲಿದ್ದ ಕಾರಣಗಳು ಮೂರೇ: ಒಬ್ಬರಿಗಿಂತ ಹೆಚ್ಚು ಅಭ್ಯರ್ಥಿಗಳಿಗೆ ಮತ ಹಾಕಿರುವುದು, ಮತದಾರರ ಗುರುತು ಸಿಗುವಂತಹ ಚಿಹ್ನೆ ಇರುವುದು, ಮತ ಯಾರಿಗೆಂದು ತಿಳಿಯದಂತೆ ಗುರುತು ಬಿದ್ದಿರುವುದು. ಆ ಎಂಟು ಮತಪತ್ರಗಳಿಗೆ ಇವುಗಳಲ್ಲಿ ಒಂದೂ ಅನ್ವಯಿಸಲಿಲ್ಲ. ಅಧಿಕಾರಿ ನಂತರ ಎಳೆದ ಗೆರೆಯಿಂದ ಸದಸ್ಯರ ಮತ ಕೆಡುವುದಿಲ್ಲ.

(ಆ) ಪುರಾವೆ ಘೋಷಿಸಿದವರ ಕೈಯಲ್ಲಷ್ಟೇ ಉಳಿಯಲಿಲ್ಲ. ನಮ್ಮ ಕಾಮಗಾರಿಗಳಲ್ಲಿ ಅಳತೆ ಪುಸ್ತಕಕ್ಕೆ ಇರುವ ಮಹತ್ವವನ್ನು ನೆನೆಯಿರಿ. ಅಳೆಯುವವರು, ಪರಿಶೀಲಿಸುವವರು, ಹಣ ಪಾವತಿಸುವವರು ಬೇರೆ ಬೇರೆಯಾಗಿರುವುದು ಯಾರ ಮೇಲಿನ ಅಪನಂಬಿಕೆಯಿಂದಲೂ ಅಲ್ಲ. ಒಂದು ಹಂತದ ದೋಷವನ್ನು ಇನ್ನೊಂದು ಹಂತ ಹಿಡಿಯಲೆಂದು. ಮತಪತ್ರವೂ ವಿಡಿಯೋವೂ ಅಲ್ಲಿ ಅದೇ ಕೆಲಸ ಮಾಡಿದವು.

(ಇ) ಪರಿಹಾರ ತಪ್ಪಿನ ಅಳತೆಗೆ ತಕ್ಕಂತಿತ್ತು. ಫೆಬ್ರವರಿ 18ರಂದು ಸೋನ್‌ಕರ್ ರಾಜೀನಾಮೆ ನೀಡಿದರು. ಅದೇ ಸಂದರ್ಭದಲ್ಲಿ ಮೂವರು ಸದಸ್ಯರು ಪಕ್ಷ ಬದಲಿಸಿದರು. ಹೊಸದಾಗಿ ಚುನಾವಣೆ ನಡೆದಿದ್ದರೆ ಬೇರೆಯೇ ಫಲಿತಾಂಶ ಬರಬಹುದಿತ್ತು. ಆದರೆ ಮತದಾನ ಸರಿಯಾಗಿಯೇ ನಡೆದಿತ್ತು, ದೋಷವಿದ್ದುದು ಎಣಿಕೆಯಲ್ಲಿ ಮಾತ್ರ. ಆದ್ದರಿಂದ ನ್ಯಾಯಾಲಯವು ಇಡೀ ಚುನಾವಣೆಯನ್ನು ರದ್ದುಪಡಿಸದೆ ಎಣಿಕೆಯನ್ನಷ್ಟೇ ಸರಿಪಡಿಸಿತು. ಒಮ್ಮೆ ನ್ಯಾಯವಾಗಿ ಚಲಾಯಿಸಿದ ಮತಕ್ಕೆ ಮರುಚುನಾವಣೆಯೂ ಅನ್ಯಾಯವಾಗಬಲ್ಲದು ಎಂಬುದನ್ನು ಗಮನಿಸತಕ್ಕದ್ದು.

3. ವ್ಯವಸ್ಥೆ ಯಾರ ಪರ?

2025ರ ಜನವರಿ 30ರ ಮೇಯರ್ ಚುನಾವಣೆಗೆ ಸರ್ವೋಚ್ಚ ನ್ಯಾಯಾಲಯವು ನಿವೃತ್ತ ನ್ಯಾಯಮೂರ್ತಿ ಜಯಶ್ರೀ ಠಾಕೂರ್ ಅವರನ್ನು ಸ್ವತಂತ್ರ ವೀಕ್ಷಕರನ್ನಾಗಿ ನೇಮಿಸಿತು. ಆ ಬಾರಿ ಎದುರು ಪಕ್ಷದ ಹರ್‌ಪ್ರೀತ್ ಕೌರ್ ಬಬ್ಲಾ 19 ಮತ ಪಡೆದು, 17 ಮತ ಪಡೆದ ಪ್ರತಿಸ್ಪರ್ಧಿಯನ್ನು ಸೋಲಿಸಿದರು. ಹಿಂದಿನ ವರ್ಷ ಒಂದು ಪಕ್ಷಕ್ಕೆ ಗೆಲುವನ್ನು ಮರಳಿ ಕೊಡಿಸಿದ ಅದೇ ಎಚ್ಚರಿಕೆ 2025ರಲ್ಲಿ ಮತ್ತೊಂದು ಪಕ್ಷದ ಗೆಲುವಿಗೆ ವಿಶ್ವಾಸಾರ್ಹತೆ ತಂದಿತು. ಕಾವಲು ಮತಕ್ಕೇ ಹೊರತು ಅಭ್ಯರ್ಥಿಗಲ್ಲ.

4. ನಮಗೆ ಅನ್ವಯಿಸುವ ಅಂಶಗಳು

• ಗ್ರಾಮ ಪಂಚಾಯತಿ ಸದಸ್ಯ ಸ್ಥಾನದ ಚುನಾವಣೆಯನ್ನು ಪ್ರಶ್ನಿಸಬೇಕಾದರೆ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 15ನೇ ಪ್ರಕರಣದಂತೆ ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಗೊತ್ತುಪಡಿಸಿದ ನ್ಯಾಯಾಲಯಕ್ಕೆ ಚುನಾವಣಾ ಅರ್ಜಿ ಸಲ್ಲಿಸತಕ್ಕದ್ದು. ಕಚೇರಿಗೆ ಬೀಗ ಹಾಕುವುದಾಗಲಿ ಸಭೆಗಳಿಗೆ ಅಡ್ಡಿಪಡಿಸುವುದಾಗಲಿ ಇದಕ್ಕೆ ಬದಲಿ ಆಗದು.

• ತೀರ್ಪನ್ನು ತಿರುಗಿಸುವ ಪ್ರಯತ್ನ ಸೋತವರ ಕಡೆಯಿಂದಲೂ ಬರಬಹುದು. ಪುರಾವೆಯಿಲ್ಲದ ಆರೋಪವನ್ನು ಊರೆಲ್ಲ ಹಬ್ಬಿಸಿದರೆ ಸರಿಯಾದ ಫಲಿತಾಂಶದ ಮೇಲೂ ಜನರ ನಂಬಿಕೆ ಕುಸಿಯುತ್ತದೆ. ಚಂಡೀಗಢದ ದೂರು ನಿಂತದ್ದು ದನಿಯ ಏರಿನಿಂದಲ್ಲ, ಎಂಟು ಮತಪತ್ರಗಳಿಂದ.

• ಅಧ್ಯಕ್ಷ, ಉಪಾಧ್ಯಕ್ಷರ ಚುನಾವಣೆಯ ಸಭೆಗೆ ಬರುವ ಮೊದಲು ನಿಯಮಗಳನ್ನು ಓದಿಕೊಳ್ಳಿರಿ. ಯಾವ ಮತ ಸಿಂಧು, ಯಾವುದು ಅಸಿಂಧು ಎಂಬುದನ್ನು ಮತದಾನಕ್ಕೆ ಮುನ್ನವೇ ಅಧ್ಯಕ್ಷತೆ ವಹಿಸಿದ ಅಧಿಕಾರಿಗಳಿಂದ ಕೇಳಿ ತಿಳಿಯಿರಿ. ಆಕ್ಷೇಪಣೆ ಇದ್ದಲ್ಲಿ ಸಭೆಯಲ್ಲಿಯೇ ಲಿಖಿತವಾಗಿ ಸಲ್ಲಿಸಿ, ನಡವಳಿಯಲ್ಲಿ ದಾಖಲಿಸಲು ಕೋರಿರಿ.

• ಗ್ರಾಮ ಸಭೆಯ ಹಾಗೂ ಸಾಮಾನ್ಯ ಸಭೆಯ ನಡವಳಿಗಳಿಗೂ ಇದೇ ಎಚ್ಚರಿಕೆ ಅಗತ್ಯ. ಅಂದಂದಿನ ನಡವಳಿಯನ್ನು ಅಂದೇ ಬರೆಯುವ ರೂಢಿ ಇದ್ದಲ್ಲಿ ನಿರ್ಣಯವನ್ನು ತಿದ್ದುವುದು ಸುಲಭವಲ್ಲ.

5. ಚರ್ಚೆಗೆ ಪ್ರಶ್ನೆಗಳು

1) ಚಂಡೀಗಢದಲ್ಲಿ ಮರುಚುನಾವಣೆಗೆ ಆದೇಶಿಸಿದ್ದರೆ ಮೊದಲು ಮತ ಹಾಕಿದ ಸದಸ್ಯರಿಗೆ ಏನು ಅನ್ಯಾಯವಾಗುತ್ತಿತ್ತು?
2) ನಮ್ಮ ಪಂಚಾಯತಿಯಲ್ಲಿ ಒಬ್ಬರ ವಶದಲ್ಲಿ ಮಾತ್ರ ಇರುವ, ಬೇರೆ ಯಾರೂ ಪರಿಶೀಲಿಸದ ದಾಖಲೆಗಳು ಯಾವುವು?
3) ಕಳೆದ ಮೂರು ಸಭೆಗಳ ನಡವಳಿಯನ್ನು ತಾವು ಓದಿ ನೋಡಿರುವಿರಾ?

ಮುಂದಿನ ಸಾಮಾನ್ಯ ಸಭೆಯಲ್ಲಿ ಎರಡನೆಯ ಪ್ರಶ್ನೆಯನ್ನು ಚರ್ಚೆಗೆ ತೆಗೆದುಕೊಂಡು, ಗುರುತಿಸಿದ ದಾಖಲೆಗಳ ಪಟ್ಟಿಯನ್ನು ನಡವಳಿಯಲ್ಲಿ ನಮೂದಿಸಬೇಕೆಂದು ಮಾನ್ಯ ಸದಸ್ಯರಲ್ಲಿ ಕೋರಲಾಗಿದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ