ಒಬ್ಬರೇ ಹೋಗಿ ಬರೆಯುವ ಆಪ್ಟಿಟ್ಯೂಡ್ ಪರೀಕ್ಷೆ: ದೇಹ, ಮನಸ್ಸು ಸಿದ್ಧವೇ?

ಹಟ್ಟಿ ಕ್ಯಾಂಪಿನಿಂದ ಓದುಗರೊಬ್ಬರು ಹೀಗೆ ಕಾಗದ ಬರೆದಿದ್ದಾರೆ: "ಡಾಕ್ಟರೇ, ನನ್ನ ಮಗಳು ಪಿಯುಸಿ ಮುಗಿಸಿದ್ದಾಳೆ. ಮುಂದೆ ಏನು ಓದಬೇಕೆಂದು ತಿಳಿಯಲು ಬೆಂಗಳೂರಿಗೆ ಹೋಗಿ ಆಪ್ಟಿಟ್ಯೂಡ್ ಟೆಸ್ಟ್ ಬರೆಯುತ್ತಾಳಂತೆ. ನನಗೆ ಗಣಿಯಲ್ಲಿ ಪಾಳಿ ಕೆಲಸ, ರಜೆ ಸಿಗುವುದಿಲ್ಲ. ಒಬ್ಬಳೇ ಹೋಗಿ ಬರುತ್ತೇನೆ ಎನ್ನುತ್ತಾಳೆ. ಆದರೆ ಬಸ್ಸು ಲಿಂಗಸುಗೂರು ಮುಟ್ಟುವುದರೊಳಗೆ ವಾಂತಿ ಮಾಡಿಕೊಳ್ಳುವ ಹುಡುಗಿ ಆಕೆ. ಪಕ್ಕದ ಮನೆಯ ಹುಡುಗ ಇಂಥದೇ ಟೆಸ್ಟ್ ಬರೆದು ಬಂದು, ನಾನು ಯಾವುದಕ್ಕೂ ಲಾಯಕ್ಕಿಲ್ಲ ಎಂದು ಎರಡು ತಿಂಗಳು ಮನೆಯಿಂದ ಹೊರಗೇ ಬರಲಿಲ್ಲ. ಕಳಿಸಬೇಕೋ, ಬೇಡವೋ?"

ಕಳಿಸಿ. ಒಬ್ಬಳೇ ಹೋಗಿಬರುವುದರಲ್ಲಿ ತಪ್ಪೇನೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಹೆಣ್ಣುಮಕ್ಕಳು ಒಬ್ಬೊಬ್ಬರೇ ಬಸ್ಸು ಹತ್ತುವುದು ಸಾಮಾನ್ಯ ನೋಟವಾಗಿದೆ. ಆದರೆ ಈ ಕಾಗದದಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಒಂದು ಹೊಟ್ಟೆಯದು, ಇನ್ನೊಂದು ಮನಸ್ಸಿನದು. ಪರೀಕ್ಷೆಯ ದಿನ ಎರಡೂ ಒಟ್ಟಿಗೇ ಕೆಲಸ ಮಾಡುತ್ತವೆ. ಆದ್ದರಿಂದ ಎರಡನ್ನೂ ವಿಚಾರ ಮಾಡೋಣ.

ಈ ಪರೀಕ್ಷೆ ಅಳೆಯುವುದೇನು?

ಆಪ್ಟಿಟ್ಯೂಡ್ ಎಂದರೆ ಅಭಿಕ್ಷಮತೆ. ಯಾವುದಾದರೊಂದು ಕೆಲಸವನ್ನು ಮುಂದೆ ಕಲಿಯಬಲ್ಲ ಶಕ್ತಿ. ಶಾಲೆಯ ಪರೀಕ್ಷೆ ಈವರೆಗೆ ಕಲಿತದ್ದನ್ನು ಕೇಳುತ್ತದೆ; ಇದು ಇನ್ನು ಮುಂದೆ ಕಲಿಯಬಹುದಾದದ್ದನ್ನು ಅಂದಾಜು ಮಾಡುತ್ತದೆ. ಅಮೆರಿಕದಲ್ಲಿ 1947ರಲ್ಲಿ ಪ್ರಕಟವಾದ ಡಿಫರೆನ್ಷಿಯಲ್ ಆಪ್ಟಿಟ್ಯೂಡ್ ಟೆಸ್ಟ್ ಎಂಬ ಪರೀಕ್ಷಾಮಾಲೆ ಈ ಬಗೆಯಲ್ಲಿ ಹೆಸರಾದದ್ದು. ಭಾಷೆ, ಲೆಕ್ಕ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದು, ಯಂತ್ರಗಳ ತಿಳಿವಳಿಕೆ, ಗುಮಾಸ್ತೆ ಕೆಲಸಕ್ಕೆ ಬೇಕಾದ ವೇಗ ಮತ್ತು ನಿಖರತೆ, ಹೀಗೆ ಒಂದೊಂದನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ.

ಇಂಥ ಪರೀಕ್ಷೆಗಳಲ್ಲಿ ಎರಡು ಜಾತಿ. ದಾರಿ ತೋರಿಸಲು ಮಾಡುವ ಪರೀಕ್ಷೆ ಒಂದು. ಇದರಲ್ಲಿ ಪಾಸು, ಫೇಲು ಇಲ್ಲ. ನಮ್ಮ ಓದುಗರ ಮಗಳು ಬರೆಯಹೊರಟಿರುವುದು ಇದನ್ನೇ. ಆರಿಸಲು ಮಾಡುವ ಪರೀಕ್ಷೆ ಮತ್ತೊಂದು. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ಕಡೆಯ ಹುಡುಗರು ರೈಲ್ವೆಯ ಸಹಾಯಕ ಲೋಕೋ ಪೈಲಟ್ ಕೆಲಸಕ್ಕೆ ಬರೆಯುವುದು ಈ ಎರಡನೆಯದನ್ನು. ಅಲ್ಲಿ ನೆನಪು, ಸೂಚನೆ ಪಾಲಿಸುವುದು, ಆಳದ ಅಂದಾಜು, ಏಕಾಗ್ರತೆ, ನೋಡಿ ಗುರುತಿಸುವ ವೇಗ ಎಂದು ಐದು ಭಾಗಗಳಿದ್ದು, ಪ್ರತಿಯೊಂದರಲ್ಲೂ ಕನಿಷ್ಠ 42 ಟಿ-ಅಂಕ ಬರಬೇಕು. ಒಂದರಲ್ಲಿ ಕಡಿಮೆಯಾದರೂ ಹೋಯಿತು.

ಗಮನಿಸಿ: ಎರಡು ಜಾತಿಯಲ್ಲೂ ವೇಗಕ್ಕೆ, ಏಕಾಗ್ರತೆಗೆ ಬೆಲೆಯಿದೆ. ಕಂಠಪಾಠ ಮಾಡಿದ್ದು ನಿದ್ದೆಗಣ್ಣಿನಲ್ಲೂ ಬಾಯಿಗೆ ಬರಬಹುದು. ವೇಗ ಬರುವುದಿಲ್ಲ.

ನಿದ್ದೆಗೆಟ್ಟ ಮೆದುಳು

ಹಟ್ಟಿಯಿಂದ ಬೆಂಗಳೂರಿಗೆ ಇಡೀ ರಾತ್ರಿಯ ದಾರಿ. ಹೆಚ್ಚಿನವರು ಮಾಡುವುದೇನು? ಸಂಜೆ ಬಸ್ಸು ಹತ್ತಿ, ಬೆಳಿಗ್ಗೆ ನಿಲ್ದಾಣದಲ್ಲೇ ಮುಖ ತೊಳೆದು, ಒಂದು ಚಹಾ ಕುಡಿದು ನೇರವಾಗಿ ಪರೀಕ್ಷೆಯ ಕೊಠಡಿಗೆ ಹೋಗುತ್ತಾರೆ. ಒಂದು ದಿನದ ವಸತಿ ಖರ್ಚು ಉಳಿಯಿತು ಎಂಬ ಸಮಾಧಾನ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ; ಮಲಗಿಕೊಂಡು ಹೋಗುವ ಸ್ಲೀಪರ್ ಬಸ್ಸಿಗೆ ಇಲ್ಲ. ಹೀಗಾಗಿ ಹುಡುಗಿಯರು ಕುಳಿತೇ ರಾತ್ರಿ ಕಳೆಯುತ್ತಾರೆ. ಒಬ್ಬಳೇ ಇದ್ದಾಳೆಂದರೆ ಚೀಲದ ಮೇಲೆ ಕಣ್ಣು, ಪಕ್ಕದವರ ಮೇಲೆ ಕಣ್ಣು. ನಿದ್ದೆ ಎಲ್ಲಿಂದ ಬರಬೇಕು?

ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಇಳಿದಿತ್ತು. ಅಂದರೆ ಬೆಳಿಗ್ಗೆ ಆರಕ್ಕೆ ಎದ್ದವರು ರಾತ್ರಿಯಿಡೀ ನಿದ್ದೆಯಿಲ್ಲದೆ ಮರುದಿನ ಹತ್ತಕ್ಕೆ ಪರೀಕ್ಷೆಗೆ ಕುಳಿತರೆ 28 ಗಂಟೆಯಾಯಿತು! ಕುಡಿದು ಪರೀಕ್ಷೆ ಬರೆಯಲು ಯಾವ ತಂದೆಯೂ ಮಗಳನ್ನು ಕಳಿಸುವುದಿಲ್ಲ. ನಿದ್ದೆಗೆಡಿಸಿ ಕಳಿಸಲು ಮಾತ್ರ ನಮಗೆ ಏನೂ ಅನ್ನಿಸುವುದಿಲ್ಲ.

ಆದ್ದರಿಂದ ನನ್ನ ಸಲಹೆ ಒಂದೇ: ಪರೀಕ್ಷೆಯ ಹಿಂದಿನ ದಿನವೇ ಊರು ಮುಟ್ಟಬೇಕು. ಹಗಲು ಬಸ್ಸಿನಲ್ಲಿ ಹೋಗಿ, ನೆಂಟರ ಮನೆಯಲ್ಲೋ ಪರಿಚಿತರ ಹಾಸ್ಟೆಲಿನಲ್ಲೋ ಏಳೆಂಟು ಗಂಟೆ ಮಲಗಿ, ಬೆಳಿಗ್ಗೆ ಪರೀಕ್ಷೆಗೆ ಹೋಗುವುದು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಸ್ವಲ್ಪ ಕಡಿಮೆಯಾಗುವುದು ಸಹಜ, ಹೆದರಬೇಡಿ. ಅದರ ಹಿಂದಿನ ಎರಡು ಮೂರು ರಾತ್ರಿ ಮನೆಯಲ್ಲಿ ಚೆನ್ನಾಗಿ ಮಲಗಿದ್ದರೆ ಆ ಕೊರತೆ ಅಷ್ಟಾಗಿ ಬಾಧಿಸದು.

ಕೆಲವು ಹುಡುಗರು ರಾಯಚೂರಿನಲ್ಲಿ ಪರೀಕ್ಷೆ ಇದ್ದರೆ ಬೆಳಗಿನ ಜಾವ ಮೋಟರ್‌ಬೈಕ್ ಹತ್ತಿಬಿಡುತ್ತಾರೆ. ಹೋಗುವಾಗ ಉತ್ಸಾಹ ಇರುತ್ತದೆ. ಅಪಾಯ ಇರುವುದು ಹಿಂತಿರುಗುವಾಗ. ಪರೀಕ್ಷೆ ಮುಗಿದ ಸಡಿಲಿಕೆ, ಹೊಟ್ಟೆ ತುಂಬ ಊಟ, ನಡುಮಧ್ಯಾಹ್ನದ ಬಿಸಿಲು, ಮೂರೂ ಸೇರಿ ತೂಕಡಿಕೆ ತರುತ್ತವೆ. ಬೇಸಿಗೆಯಲ್ಲಿ ನಮ್ಮ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತು. ಬಸ್ಸಿಗೆ ಹೋಗುವುದೇ ಲೇಸು.

ಬಸ್ಸಿನಲ್ಲಿ ವಾಂತಿ ಏಕೆ?

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಅರ್ಧವೃತ್ತಾಕಾರದ ನಾಳಗಳಿವೆ. ದೇಹ ಅಲುಗಿದರೆ ಆ ದ್ರವವೂ ಅಲುಗಿ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ. ಬಸ್ಸಿನೊಳಗೆ ಕುಳಿತು ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿದ್ದೀರಿ ಎನ್ನಿ. ಕಣ್ಣು 'ನಾನು ನಿಂತಲ್ಲೇ ಇದ್ದೇನೆ' ಎನ್ನುತ್ತದೆ. ಕಿವಿ 'ಇಲ್ಲ, ಚಲಿಸುತ್ತಿದ್ದೇನೆ' ಎನ್ನುತ್ತದೆ. ಈ ಜಗಳ ಬಗೆಹರಿಯದೆ ಹೊಟ್ಟೆ ತೊಳಸುತ್ತದೆ. ಇದು ರೋಗವಲ್ಲ, ನಾಜೂಕುತನವೂ ಅಲ್ಲ. ಮಕ್ಕಳಲ್ಲಿ, ಹೆಂಗಸರಲ್ಲಿ ಹೆಚ್ಚು. ಮುಟ್ಟಿನ ದಿನಗಳಲ್ಲಿ ಇನ್ನಷ್ಟು ಹೆಚ್ಚು.

ಪರಿಹಾರವೂ ಇದರಲ್ಲೇ ಇದೆ. ಬಸ್ಸಿನ ಮುಂಭಾಗದಲ್ಲಿ ಕುಳಿತು, ದೂರದಲ್ಲಿ ಅಲುಗದೆ ನಿಂತಿರುವುದನ್ನು ನೋಡಬೇಕು. ಹೆಂಗಸರಿಗೆ ಮೀಸಲಾದ ಆಸನಗಳು ಮುಂದೆಯೇ ಇರುವುದು ಅನುಕೂಲವೇ ಆಯಿತು. ಹಿಂದಿನ ಚಕ್ರದ ಮೇಲಿನ ಸೀಟು ಬೇಡ. ಮಸ್ಕಿಯ ಮೇಲೆ ಹಾದು ಹೋಗುವಾಗ ದೂರದ ಗುಡ್ಡ ನೋಡುತ್ತಾ ಹೋಗಲಿ. (1915ರಲ್ಲಿ ಮಸ್ಕಿಯ ಅಶೋಕನ ಶಾಸನವನ್ನು ಪತ್ತೆ ಹಚ್ಚಿದ ಬೀಡನ್ ಎಂಬಾತ ಚಿನ್ನದ ಗಣಿಯ ಎಂಜಿನಿಯರ್. ಹುಡುಕುತ್ತಿದ್ದುದು ಒಂದು, ಸಿಕ್ಕಿದ್ದು ಇನ್ನೊಂದು. ವೃತ್ತಿ ಹುಡುಕುವವರಿಗೂ ಹೀಗೆ ಆಗುವುದುಂಟು.)

ಹೊರಡುವ ಮುನ್ನ ಹೊಟ್ಟೆ ಖಾಲಿಯೂ ಇರಬಾರದು, ತುಂಬಿಯೂ ಇರಬಾರದು. ಬಸ್ ಸ್ಟ್ಯಾಂಡಿನ ಮಂಡಾಳು ಒಗ್ಗರಣೆ, ಮಿರ್ಚಿ ಬಾಯಿಗೆ ರುಚಿ ನಿಜ. ಅದನ್ನು ಹಿಂತಿರುಗುವ ದಿನಕ್ಕೆ ಇಟ್ಟುಕೊಳ್ಳಲಿ. ಮೆತ್ತನೆಯ ರೊಟ್ಟಿ, ಸಪ್ಪನೆಯ ಪಲ್ಯ, ಬೆಳಿಗ್ಗೆ ಕಲಸಿದ ಮೊಸರನ್ನ ಸಾಕು. ಶುಂಠಿ ಕೆಲವರಿಗೆ ಹಿತ ಮಾಡುತ್ತದೆ, ಕೆಲವರಿಗೆ ಇಲ್ಲ. ಹಾನಿಯಂತೂ ಇಲ್ಲ.

ಮಾತ್ರೆ ನುಂಗಬಹುದೇ? ಇಲ್ಲಿ ಎಚ್ಚರ ಬೇಕು. ಪ್ರೊಮೆಥಜಿನ್, ಡೈಮೆನ್‌ಹೈಡ್ರಿನೇಟ್ ಮುಂತಾದ ಪ್ರಯಾಣದ ಮಾತ್ರೆಗಳು ವಾಂತಿಯನ್ನು ತಡೆಯುತ್ತವೆ, ಜೊತೆಗೆ ಮಂಪರನ್ನೂ ತರುತ್ತವೆ. ಪ್ರೊಮೆಥಜಿನ್‌ನ ಮಂಪರು ಮರುದಿನದವರೆಗೂ ಉಳಿಯಬಹುದು. ಪರೀಕ್ಷೆಯ ಬೆಳಿಗ್ಗೆ ಸಿಟಿ ಬಸ್ಸಿಗೆ ಹೆದರಿ ಇದನ್ನು ನುಂಗಿದರೆ ಕೊಠಡಿಯಲ್ಲಿ ತೂಕಡಿಸುವುದು ಖಂಡಿತ. ಹಿಂದಿನ ದಿನದ ದೂರ ಪ್ರಯಾಣಕ್ಕೆ, ವೈದ್ಯರನ್ನು ಕೇಳಿ, ಬಸ್ಸು ಹತ್ತುವ ಅರ್ಧ-ಒಂದು ಗಂಟೆ ಮುಂಚೆ ತೆಗೆದುಕೊಳ್ಳಬಹುದು. ಅದಕ್ಕೂ ಮೊದಲು ಮನೆಯಲ್ಲಿ ರಜೆಯ ದಿನ ಒಮ್ಮೆ ನುಂಗಿ ಎಷ್ಟು ನಿದ್ದೆ ಬರುತ್ತದೆ ಎಂದು ನೋಡಿಕೊಳ್ಳುವುದು ಜಾಣತನ. ಒಬ್ಬಳೇ ಇರುವ ಹುಡುಗಿ ಬಸ್ಸಿನಲ್ಲಿ ಮೈಮರೆತು ಮಲಗುವುದು ಬೇರೆ ಕಾರಣಕ್ಕೂ ಒಳ್ಳೆಯದಲ್ಲ. ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಒಂಡ್ಯಾನ್ಸೆಟ್ರಾನ್ ಬೇರೆ ವಾಂತಿಗಳಿಗೆ ಒಳ್ಳೆಯ ಮದ್ದು. ಪ್ರಯಾಣದ ವಾಂತಿಗೆ ಅಷ್ಟಾಗಿ ನಾಟುವುದಿಲ್ಲ.

ನೀರು ಕುಡಿಯಲು ಹಿಂಜರಿಕೆ

ಈ ವಿಷಯವನ್ನು ಹುಡುಗಿಯರು ಯಾರಿಗೂ ಹೇಳುವುದಿಲ್ಲ. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಯಿಂದ ಹಿಂದಿನ ರಾತ್ರಿಯಿಂದಲೇ ನೀರು ಬಿಟ್ಟುಬಿಡುತ್ತಾರೆ. ದೇಹದ ತೂಕದ ಶೇಕಡಾ ಒಂದೆರಡರಷ್ಟು ನೀರು ಕಡಿಮೆಯಾದರೂ ತಲೆನೋವು ಬರುತ್ತದೆ, ಗಮನ ಚದುರುತ್ತದೆ. ಮೂತ್ರ ತಡೆದು ಕುಳಿತರೆ ಉರಿಮೂತ್ರ, ಸೋಂಕು. ಸ್ವಲ್ಪ ಸ್ವಲ್ಪವಾಗಿ, ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಲಿ. ದೊಡ್ಡ ನಿಲ್ದಾಣಗಳಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ನಿರ್ವಾಹಕರಿಗೆ ಹೇಳಿ ಇಳಿಯಲಿ. ಹೇಳಲು ನಾಚಿಕೆ ಬೇಡ. ನಿರ್ವಾಹಕರಿಗೆ ಇದು ದಿನನಿತ್ಯದ ಮಾತು. ವಾಂತಿಯಾಗಿದ್ದರೆ ಓಆರ್‌ಎಸ್ ಪೊಟ್ಟಣ, ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಮೂರ್ಛೆರೋಗ, ಅಸ್ತಮಾ, ಸಕ್ಕರೆ ಕಾಯಿಲೆ ಇರುವ ಮಕ್ಕಳು ತಮ್ಮ ಔಷಧಿಯನ್ನು ಒಂದು ಹೊತ್ತೂ ತಪ್ಪಿಸಬಾರದು. ಮೂರ್ಛೆರೋಗದವರಿಗೆ ನಿದ್ದೆಗೆಡುವುದೇ ಫಿಟ್ಸ್ ಬರಲು ಕಾರಣವಾಗಬಹುದು. ಇಂಥವರು ರಾತ್ರಿ ಬಸ್ಸು ಹತ್ತಲೇಬಾರದು. ತುರ್ತಿಗೆ 112 ಸಂಖ್ಯೆ ಫೋನಿನಲ್ಲಿರಲಿ.

ಪಕ್ಕದ ಮನೆಯ ಹುಡುಗನ ವಿಷಯ

ಈಗ ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಮುಖ್ಯವಾದುದು ಇದೇ.

ಫಲಿತಾಂಶದ ಹಾಳೆಯಲ್ಲಿ 'ಪರ್ಸೆಂಟೈಲ್ 40' ಎಂದಿದ್ದರೆ ಮನೆಯವರು ಅದನ್ನು ನೂರಕ್ಕೆ 40 ಅಂಕ ಎಂದು ಓದುತ್ತಾರೆ. ಅದು ತಪ್ಪು. ಅದೇ ವಯಸ್ಸಿನ, ಅದೇ ತರಗತಿಯ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 40 ಜನಕ್ಕಿಂತ ಮುಂದಿದ್ದಾನೆ ಎಂದರ್ಥ. ಅಂದರೆ ಸರಿಸುಮಾರು ನಡುವಿನಲ್ಲಿದ್ದಾನೆ. ಟಿ-ಅಂಕದಲ್ಲಿ 50 ಎಂಬುದು ಸರಾಸರಿ. ರೈಲ್ವೆ ಕೇಳುವ 42ನ್ನು ಇದೇ ಲೆಕ್ಕದಲ್ಲಿ ನೋಡಿದರೆ ನೂರರಲ್ಲಿ 21 ಜನಕ್ಕಿಂತ ಮುಂದಿರುವುದು, ಅಷ್ಟೆ. ಮೇಲಾಗಿ ಯಾವ ಅಳತೆಯೂ ಕರಾರುವಾಕ್ಕಲ್ಲ. ಅದೇ ಮಗು ಬೇರೊಂದು ದಿನ ಬರೆದರೆ ಅಂಕ ಸ್ವಲ್ಪ ಆಚೀಚೆ ಆಗುತ್ತದೆ. ವಾಂತಿ ಮಾಡಿಕೊಂಡು, ನಿದ್ದೆಗೆಟ್ಟು ಬರೆದ ದಿನದ ಅಂಕ ಅಳೆದದ್ದು ಆ ರಾತ್ರಿಯ ಬಸ್ಸನ್ನು, ಹುಡುಗನನ್ನಲ್ಲ.

ಇನ್ನೊಂದು ಮಾತು. ಆ ನೂರು ಮಕ್ಕಳು ಯಾರು? ಪಟ್ಟಣದ ಇಂಗ್ಲಿಷ್ ಮಾಧ್ಯಮದ ಮಕ್ಕಳೊಡನೆ ಹೋಲಿಸಿದರೆ, ಕನ್ನಡ ಮಾಧ್ಯಮದಲ್ಲಿ ಓದಿದ ಹಟ್ಟಿಯ ಹುಡುಗನಿಗೆ ಭಾಷೆಯ ಭಾಗದಲ್ಲಿ ಅಂಕ ಕಡಿಮೆ ಬರುವುದು ಅಭಿಕ್ಷಮತೆಯ ಕೊರತೆಯಿಂದಲ್ಲ. ಇದು ನಮ್ಮವರಿಗೆ ಬಹಳ ಹಿಂದೆಯೇ ತಿಳಿದಿತ್ತು. ಫ್ರಾನ್ಸಿನ ಬಿನೆ 1905ರಲ್ಲಿ ರೂಪಿಸಿದ ಬುದ್ಧಿ ಪರೀಕ್ಷೆಯನ್ನು ಇಂಗ್ಲಿಷಿನಲ್ಲೇ ನಮ್ಮ ಮಕ್ಕಳಿಗೆ ಕೊಟ್ಟರೆ ನ್ಯಾಯವಲ್ಲವೆಂದು ವಿ.ವಿ. ಕಾಮತ್ ಅವರು 1930ರ ದಶಕದಲ್ಲೇ ಅದನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಹೊಂದಿಸಿದರು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ದಶಕಗಳ ಕಾಲ ಆಸ್ಪತ್ರೆಗಳಲ್ಲಿ ಬಳಕೆಯಾಗಿದೆ. ಆದ್ದರಿಂದ ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿ. ಪರೀಕ್ಷೆ ಕನ್ನಡದಲ್ಲಿ ಇದೆಯೇ? ಯಾವ ಮಕ್ಕಳೊಡನೆ ಹೋಲಿಸುತ್ತೀರಿ? ಫಲಿತಾಂಶವನ್ನು ಮನಶ್ಶಾಸ್ತ್ರ ಓದಿದವರು ಎದುರು ಕೂರಿಸಿ ವಿವರಿಸುತ್ತಾರೆಯೇ? ಬರೀ ಕಂಪ್ಯೂಟರ್ ಹಾಳೆ ಕೊಟ್ಟು ಕಳಿಸುವ ಜಾಗಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಮೊದಲು ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವೃತ್ತಿ ಮಾರ್ಗದರ್ಶನದ ಬಗ್ಗೆ ವಿಚಾರಿಸಿ.

ಹಾಳೆ ಮನೆಗೆ ಬಂದ ದಿನ ಮನೆಯವರ ಬಾಯಿಂದ ಬರುವ ಮೊದಲ ಮಾತು ಮಗುವಿನ ಮನಸ್ಸಿನಲ್ಲಿ ಬಹಳ ದಿನ ಉಳಿಯುತ್ತದೆ. 'ಇಷ್ಟೇನಾ?' ಎನ್ನಬೇಡಿ. ಎರಡು ವಾರ ದಾಟಿದರೂ ಊಟ, ನಿದ್ದೆ, ಗೆಳೆಯರು ಬೇಡವಾಗಿದ್ದರೆ ಅದು ಬೇಸರವಲ್ಲ, ಖಿನ್ನತೆ ಇರಬಹುದು. ಆ ಹುಡುಗ ಎರಡು ತಿಂಗಳು ಹೊರಗೆ ಬರಲಿಲ್ಲವೆಂದರೆ ಆತನನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕಿತ್ತು. ಈಗಲೂ ತಡವಾಗಿಲ್ಲ. 'ಸತ್ತರೆ ಸಾಕು' ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು, ಒಬ್ಬನನ್ನೇ ಬಿಡಲೂಬಾರದು. 2022ರಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಗೆ, 14416 ಸಂಖ್ಯೆಗೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. ಹಣ ಕೊಡಬೇಕಾಗಿಲ್ಲ.

ಪರೀಕ್ಷೆಯ ಕೊಠಡಿಯಲ್ಲಿ ಎದೆ ಹೊಡೆದುಕೊಂಡರೆ ಗಾಬರಿ ಬೇಡ. ಸ್ವಲ್ಪ ಆತಂಕ ಕೆಲಸಕ್ಕೆ ಚುರುಕು ಕೊಡುತ್ತದೆ, ಅತಿಯಾದರೆ ಕೆಡಿಸುತ್ತದೆ. ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ನಿಧಾನವಾಗಿ ಬಿಡಿ. ಐದಾರು ಸಲ ಮಾಡಿದರೆ ಎದೆಬಡಿತ ಇಳಿಯುತ್ತದೆ.

ಕಣ್ಣು ತೋರಿಸಿಕೊಂಡಿದ್ದೀರಾ?

ಕೊನೆಗೊಂದು ವಿಷಯ, ಮುಖ್ಯವಾಗಿ ರೈಲ್ವೆಗೆ ಹೊರಟಿರುವ ಹುಡುಗರಿಗೆ. ಲೋಕೋ ಪೈಲಟ್ ಕೆಲಸಕ್ಕೆ ಕನ್ನಡಕವಿಲ್ಲದೆ ಎರಡೂ ಕಣ್ಣಿಗೆ 6/6 ದೃಷ್ಟಿ ಬೇಕು, ಬಣ್ಣ ಗುರುತಿಸುವ ಶಕ್ತಿ ಸರಿ ಇರಬೇಕು. ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ಕೆಂಪು-ಹಸಿರು ಬಣ್ಣಗುರುಡು ಹುಟ್ಟಿನಿಂದ ಬರುವಂಥದು, ಗಂಡಸರಲ್ಲೇ ಹೆಚ್ಚು. ಅದು ಇರುವವನಿಗೇ ಗೊತ್ತಿರುವುದಿಲ್ಲ, ಏಕೆಂದರೆ ಆತನಿಗೆ ಲೋಕ ಮೊದಲಿನಿಂದಲೂ ಹಾಗೇ ಕಂಡಿದೆ. ಎರಡು ವರ್ಷ ಓದಿ, ಎಲ್ಲ ಪರೀಕ್ಷೆ ಪಾಸಾಗಿ, ವೈದ್ಯಕೀಯ ತಪಾಸಣೆಯಲ್ಲಿ ಇದು ಗೊತ್ತಾದರೆ ಆಗುವ ನೋವು ಸಣ್ಣದಲ್ಲ. ಜಪಾನಿನ ವೈದ್ಯ ಇಶಿಹರ ನೂರು ವರ್ಷಗಳ ಹಿಂದೆ ಮಾಡಿದ ಬಣ್ಣದ ಚುಕ್ಕೆಗಳ ಪುಸ್ತಕ ಕಣ್ಣಿನ ವೈದ್ಯರ ಬಳಿ ಇರುತ್ತದೆ. ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಬೇಕು. ಐದು ನಿಮಿಷದ ಕೆಲಸ. ಅರ್ಜಿ ಹಾಕುವ ಮೊದಲೇ ಇದನ್ನು ಮಾಡಿಸಿಕೊಳ್ಳಿ.