ಆಧುನಿಕ ಗುಲಾಮಗಿರಿ ವಿರುದ್ಧ ಕ್ರೈಸ್ತ ಪ್ರಯತ್ನಗಳು

ಫೆಬ್ರುವರಿ 8 ಸಂತ ಜೋಸೆಫೀನ್ ಬಖೀತಾ ಸ್ಮರಣೆಯ ದಿನ. ಸುಡಾನಿನ ದಾರ್ಫುರ್‌ನಲ್ಲಿ ಹುಟ್ಟಿದ ಈಕೆಯನ್ನು ಬಾಲ್ಯದಲ್ಲೇ ಅಪಹರಿಸಿ ಹಲವು ಸಲ ಮಾರಲಾಯಿತು. ಅರಬ್ಬಿಯಲ್ಲಿ ‘ಬಖೀತಾ’ ಎಂದರೆ ಅದೃಷ್ಟವಂತೆ. ಹಾಗೆ ಕರೆದವರು ಅಪಹರಣಕಾರರೇ! ಕೊನೆಗೆ ಇಟಲಿ ಸೇರಿದ ಬಖೀತಾಳನ್ನು ಅಲ್ಲಿಂದ ಮರಳಿ ಕರೆದೊಯ್ಯಲು ಒಡತಿ ಬಂದಾಗ ಆಕೆ ಒಪ್ಪಲಿಲ್ಲ. 1889ರಲ್ಲಿ ವೆನಿಸ್ ನ್ಯಾಯಾಲಯ ಆಕೆಯನ್ನು ಸ್ವತಂತ್ರಳೆಂದು ಸಾರಿತು. ಕನೋಸಿಯನ್ ಸನ್ಯಾಸಿನಿಯಾಗಿ ಬಾಳಿ 1947ರಲ್ಲಿ ನಿಧನ. 2000ದಲ್ಲಿ ಸಂತ ಪದವಿ. 2015ರಿಂದ ಇದೇ ದಿನ ಮಾನವ ಕಳ್ಳಸಾಗಣೆ ವಿರುದ್ಧದ ಪ್ರಾರ್ಥನಾ ದಿನ.

ತಲಿಥಾ ಕುಮ್: ಮಾನವ ಕಳ್ಳಸಾಗಣೆ ವಿರುದ್ಧದ ಕ್ಯಾಥೊಲಿಕ್ ಸನ್ಯಾಸಿನಿಯರ ಜಾಲ, 2009ರಲ್ಲಿ ಸ್ಥಾಪನೆ. ಹೆಸರು ಅರಾಮಿಕ್, ಅರ್ಥ ‘ಹುಡುಗೀ, ಏಳು’.

ಇಂಟರ್‌ನ್ಯಾಷನಲ್ ಜಸ್ಟಿಸ್ ಮಿಷನ್: ಅಮೆರಿಕದ ವಕೀಲ ಗ್ಯಾರಿ ಹೌಗನ್ 1997ರಲ್ಲಿ ಸ್ಥಾಪಿಸಿದರು. ದಾನಧರ್ಮಕ್ಕಿಂತ ಕಾನೂನು ಜಾರಿಗೆ ಒತ್ತು ಕೊಡುವುದೇ ಇದರ ವೈಶಿಷ್ಟ್ಯ. ಭಾರತದಲ್ಲಿ ಇಂಥ ಕೆಲಸಕ್ಕೆ ಆಧಾರ ಸಂವಿಧಾನದ 23ನೇ ವಿಧಿ ಮತ್ತು 1976ರ ಜೀತಪದ್ಧತಿ ರದ್ದತಿ ಕಾಯ್ದೆ. ಜೀತಮುಕ್ತರಿಗೆ ಸಿಗುವ ಬಿಡುಗಡೆ ಪತ್ರವೇ ಪುನರ್ವಸತಿಯ ಕೀಲಿಕೈ.

ಜಂಟಿ ಘೋಷಣೆ: 2014ರ ಡಿಸೆಂಬರ್ 2, ವ್ಯಾಟಿಕನ್. ಪೋಪ್ ಫ್ರಾನ್ಸಿಸ್, ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಜೊತೆ ಮಾತಾ ಅಮೃತಾನಂದಮಯಿಯವರೂ ಸಹಿ ಹಾಕಿದರು. 2020ರೊಳಗೆ ಗುಲಾಮಗಿರಿ ಅಳಿಸುವ ಅದರ ಗುರಿ ಈಡೇರಲಿಲ್ಲ.

ಎಡವುವ ಜಾಗ: ಫೆಬ್ರುವರಿ 8ರ ಪ್ರಾರ್ಥನಾ ದಿನವನ್ನು ಇನ್ನೆರಡು ದಿನಗಳೊಂದಿಗೆ ಬೆರೆಸಬಾರದು. ಡಿಸೆಂಬರ್ 2 ವಿಶ್ವಸಂಸ್ಥೆಯ ಗುಲಾಮಗಿರಿ ನಿರ್ಮೂಲನಾ ದಿನ, ಜುಲೈ 30 ಮಾನವ ಕಳ್ಳಸಾಗಣೆ ವಿರೋಧಿ ದಿನ.