ವಿದ್ಯುತ್ತಿನ ದ್ವಾರಪಾಲಕ

1902ನೆಯ ಇಸವಿಯಲ್ಲಿ ಕಾವೇರಿ ನದಿಯ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುಚ್ಛಕ್ತಿಯು ಸುಮಾರು 147 ಕಿಲೋಮೀಟರ್ ದೂರ ತಂತಿಗಳಲ್ಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ಈಚೆಗೆ ಈ ಶಕ್ತಿಯು ನಾಡಿನ ಹಳ್ಳಿಹಳ್ಳಿಗೂ ಹರಿದು ಬಂದಿದೆ. ಗೋಡೆಯ ಮೇಲಿನ ಸ್ವಿಚ್ಚನ್ನು ಒತ್ತಿದೊಡನೆ ಕತ್ತಲೆ ಸರಿಯುತ್ತದೆ. ಈಗಂತೂ ಆ ಸ್ವಿಚ್ಚನ್ನು ಮುಟ್ಟಬೇಕಾದ ಅಗತ್ಯವೂ ಇಲ್ಲ. ಕುಳಿತಲ್ಲಿಂದಲೇ ಮೊಬೈಲ್ ಫೋನಿನ ಮೂಲಕ ದೀಪವನ್ನು ಹೊತ್ತಿಸಬಹುದು. ಸಂಜೆಯಾದೊಡನೆ ಅದು ತಾನಾಗಿಯೇ ಬೆಳಗುವಂತೆಯೂ ಮಾಡಬಹುದು. ಇಂತಹ ಸ್ಮಾರ್ಟ್ ಸ್ವಿಚ್ಚುಗಳನ್ನು ಮನೆಯಲ್ಲಿಯೇ ತಯಾರಿಸುವ ಹವ್ಯಾಸ ತರುಣರಲ್ಲಿ ಬೆಳೆಯುತ್ತಿದೆ. ಈ ಉತ್ಸಾಹ ಮೆಚ್ಚತಕ್ಕದ್ದು. ಆದರೆ ಬೆಂಕಿಯೊಡನೆ ಸರಸ ಸಲ್ಲದೆಂಬ ಹಿರಿಯರ ಮಾತು ವಿದ್ಯುತ್ತಿಗೂ ಅನ್ವಯಿಸುತ್ತದೆ.

ಸ್ಮಾರ್ಟ್ ಸ್ವಿಚ್ಚಿನೊಳಗೆ ಎರಡು ಬಗೆಯ ವಿದ್ಯುತ್ತು ನೆರೆಹೊರೆಯಲ್ಲಿ ವಾಸಿಸುತ್ತವೆ. ಒಂದು, ಮನೆಯ ದೀಪ, ಫ್ಯಾನುಗಳನ್ನು ನಡೆಸುವ 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಇನ್ನೊಂದು, ಆಜ್ಞೆಗಳನ್ನು ಅರಿಯುವ ಪುಟ್ಟ ನಿಯಂತ್ರಕಕ್ಕೆ ಬೇಕಾದ 5 ಅಥವಾ 3.3 ವೋಲ್ಟಿನ ನೇರ ವಿದ್ಯುತ್ತು. ಮೊದಲನೆಯದು ಮದಗಜ, ಎರಡನೆಯದು ಗುಬ್ಬಚ್ಚಿ. ಇವೆರಡೂ ಒಂದನ್ನೊಂದು ಸೋಕಬಾರದು; ಆದರೂ ಗುಬ್ಬಚ್ಚಿಯ ಮಾತಿನಂತೆ ಆನೆ ನಡೆಯಬೇಕು. ಈ ಅಸಾಧ್ಯವೆನಿಸುವ ಕಾರ್ಯವನ್ನು ಸಾಧಿಸುವ ಸಾಧನವೇ ರಿಲೇ.

ರಿಲೇಯ ಇತಿಹಾಸ ಸ್ವಾರಸ್ಯಕರವಾದುದು. ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ 1831ರಲ್ಲಿ ಆಲ್ಬನಿ ಎಂಬ ಊರಿನಲ್ಲಿ ಒಂದು ಮೈಲಿಗೂ ಉದ್ದವಾದ ತಂತಿಯ ಮೂಲಕ ವಿದ್ಯುತ್ತನ್ನು ಹರಿಸಿ, ವಿದ್ಯುತ್ಕಾಂತದಿಂದ ಗಂಟೆಯನ್ನು ಬಾರಿಸಿ ತೋರಿಸಿದನು. ತಂತಿ ಉದ್ದವಾದಷ್ಟೂ ಪ್ರವಾಹ ಕ್ಷೀಣಿಸುತ್ತದೆ. ಆ ಕ್ಷೀಣ ಪ್ರವಾಹದಿಂದ ಮತ್ತೊಂದು ಪ್ರಬಲ ಪ್ರವಾಹದ ಬಾಗಿಲನ್ನು ತೆರೆಯಿಸುವ ಉಪಾಯವನ್ನು ಅವನು 1835ರ ಸುಮಾರಿಗೆ ಪ್ರಿನ್ಸ್‌ಟನ್ನಿನಲ್ಲಿ ರೂಪಿಸಿದನು. ಮುಂದೆ ತಂತಿ ಸಮಾಚಾರದ ವ್ಯವಸ್ಥೆ ಬೆಳೆದಾಗ ಈ ತತ್ತ್ವವೇ ಅದಕ್ಕೆ ಆಧಾರವಾಯಿತು. ದೂರ ಪ್ರಯಾಣದಲ್ಲಿ ದಣಿದ ಕುದುರೆಗಳನ್ನು ಬಿಚ್ಚಿ ಹೊಸ ಕುದುರೆಗಳನ್ನು ಹೂಡುವ ಕ್ರಮವನ್ನು ರಿಲೇ ಎನ್ನುತ್ತಿದ್ದರು. ದಣಿದ ಪ್ರವಾಹದ ಕೆಲಸವನ್ನು ಹೊಸ ಪ್ರವಾಹಕ್ಕೆ ಒಪ್ಪಿಸುವ ಸಾಧನಕ್ಕೂ ಅದೇ ಹೆಸರು ನಿಂತಿತು.

ರಿಲೇಯ ರಚನೆ ಸರಳ. ಮೆದು ಕಬ್ಬಿಣದ ತುಂಡಿನ ಸುತ್ತ ತೆಳುವಾದ ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಅದರೊಳಗೆ ಕಡಿಮೆ ವೋಲ್ಟಿನ ಪ್ರವಾಹ ಹರಿದಾಗ ಕಬ್ಬಿಣವು ಕಾಂತವಾಗಿ, ಎದುರಿಗಿರುವ ಲೋಹದ ಪಟ್ಟಿಯನ್ನು ಸೆಳೆಯುತ್ತದೆ. ‘ಟಿಕ್’ ಎಂಬ ಸದ್ದಿನೊಡನೆ ಪಟ್ಟಿ ವಾಲಿ, ಎರಡು ಸಂಪರ್ಕ ಬಿಂದುಗಳನ್ನು ಕೂಡಿಸುತ್ತದೆ, ದೀಪ ಹೊತ್ತುತ್ತದೆ. ಪ್ರವಾಹ ನಿಂತೊಡನೆ ಸ್ಪ್ರಿಂಗು ಪಟ್ಟಿಯನ್ನು ಹಿಂದಕ್ಕೆಳೆಯುತ್ತದೆ, ದೀಪ ಆರುತ್ತದೆ. ಸುರುಳಿಗೂ ಸಂಪರ್ಕ ಬಿಂದುಗಳಿಗೂ ತಂತಿಯ ನಂಟಿಲ್ಲ. ನಡುವೆ ಇರುವುದು ಕಾಂತದ ಸೆಳೆತ ಮಾತ್ರ. ರಿಲೇಯ ಹಿರಿಮೆ ಇರುವುದೇ ಇಲ್ಲಿ.

ಸಾಮಾನ್ಯವಾದ 5 ವೋಲ್ಟಿನ ರಿಲೇಯ ಸುರುಳಿಗೆ ಸುಮಾರು 70 ಮಿಲಿಆಂಪಿಯರ್ ಪ್ರವಾಹ ಬೇಕು. ನಿಯಂತ್ರಕದ ಒಂದು ಕಾಲಿಗೆ ಇಷ್ಟನ್ನು ಕೊಡುವ ಶಕ್ತಿಯಿಲ್ಲದ ಕಾರಣ ನಡುವೆ ಒಂದು ಟ್ರಾನ್ಸಿಸ್ಟರನ್ನು ಅಳವಡಿಸುತ್ತಾರೆ. ಸುರುಳಿಯ ಪ್ರವಾಹ ಥಟ್ಟನೆ ನಿಂತಾಗ ಅದರ ಕಾಂತಕ್ಷೇತ್ರ ಕುಸಿದು, ಒಂದು ಕ್ಷಣ ಹೆಚ್ಚಿನ ವೋಲ್ಟೇಜು ವಿರುದ್ಧ ದಿಕ್ಕಿನಲ್ಲಿ ಹುಟ್ಟುತ್ತದೆ. ಅದು ಟ್ರಾನ್ಸಿಸ್ಟರನ್ನು ಕೆಡಿಸದಂತೆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡನ್ನು ಇಡುವುದು ವಾಡಿಕೆ.

ಇನ್ನು ಸುರಕ್ಷತೆಯ ವಿಚಾರ. ಮನುಷ್ಯನ ದೇಹದಲ್ಲಿ ಸುಮಾರು 10 ಮಿಲಿಆಂಪಿಯರ್ ಪ್ರವಾಹ ಹರಿದರೆ ಸ್ನಾಯುಗಳು ಸೆಟೆದು, ಹಿಡಿದ ತಂತಿಯನ್ನು ಬಿಡಲಾಗದಂತಾಗಬಹುದು. 30 ಮಿಲಿಆಂಪಿಯರಿಗೆ ಮೀರಿದ ಪ್ರವಾಹ ಕೊಂಚ ಕಾಲ ಹರಿದರೂ ಹೃದಯದ ಬಡಿತಕ್ಕೆ ಅಪಾಯವುಂಟು. 60 ವ್ಯಾಟಿನ ಒಂದು ಬಲ್ಬಿನಲ್ಲಿ ಹರಿಯುವ ಪ್ರವಾಹವಾದರೋ ಸುಮಾರು 260 ಮಿಲಿಆಂಪಿಯರ್. ಮನೆಯ ಅತಿ ಚಿಕ್ಕ ದೀಪದ ತಂತಿಯನ್ನೂ ಹಗುರವಾಗಿ ಕಾಣಲಾಗದೆಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದ ಸುರಕ್ಷಿತವಾದ ಸ್ವಿಚ್ಚನ್ನು ರೂಪಿಸುವವರು ಕೆಲವು ನಿಯಮಗಳನ್ನು ತಪ್ಪದೆ ಪಾಲಿಸುತ್ತಾರೆ. 230 ವೋಲ್ಟಿನ ಭಾಗಕ್ಕೂ ಕಡಿಮೆ ವೋಲ್ಟಿನ ಭಾಗಕ್ಕೂ ನಡುವೆ 6ರಿಂದ 8 ಮಿಲಿಮೀಟರಿನಷ್ಟಾದರೂ ಅಂತರವಿಡುತ್ತಾರೆ. ನಿಯಂತ್ರಕಕ್ಕೆ ವಿದ್ಯುತ್ತನ್ನು ಒದಗಿಸುವ ಭಾಗವು ಮನೆಯ ಲೈನಿನಿಂದ ಟ್ರಾನ್ಸ್‌ಫಾರ್ಮರಿನ ಮೂಲಕ ಬೇರ್ಪಟ್ಟಿರಬೇಕು. ಅಗ್ಗದ ಕೆಲವು ಮಂಡಲಗಳಲ್ಲಿ ಈ ಬೇರ್ಪಡೆ ಇರುವುದಿಲ್ಲ; ಅಲ್ಲಿ 5 ವೋಲ್ಟಿನ ತಂತಿಯನ್ನು ಮುಟ್ಟಿದರೂ ಪ್ರಾಣಾಪಾಯ ತಪ್ಪಿದ್ದಲ್ಲ. ರಿಲೇಯನ್ನು ಫೇಸ್ ತಂತಿಯಲ್ಲಿಯೇ ಜೋಡಿಸಬೇಕು. ನ್ಯೂಟ್ರಲ್ ತಂತಿಯಲ್ಲಿ ಜೋಡಿಸಿದರೆ ದೀಪ ಆರಿದ್ದರೂ ಹೋಲ್ಡರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಇಡೀ ಸಾಧನವನ್ನು ಬೆಂಕಿ ಹತ್ತದ ಅವಾಹಕದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಕು.

ಹೊರೆಯ ಲೆಕ್ಕವೂ ಅಷ್ಟೇ ಮುಖ್ಯ. ರಿಲೇಯ ಮೇಲೆ 10 ಆಂಪಿಯರ್ ಎಂದು ಅಚ್ಚಾಗಿದ್ದರೆ ಅದು ಅದರ ಮೇರೆ. 3000 ವ್ಯಾಟಿನ ನೀರು ಕಾಯಿಸುವ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದನ್ನು ಈ ರಿಲೇಗೆ ಜೋಡಿಸಿದರೆ ಸಂಪರ್ಕ ಬಿಂದುಗಳು ಕಾದು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಗ ಆರಿಸಿದರೂ ಗೀಸರ್ ಆರದು. ಮೋಟಾರುಗಳು ಆರಂಭದ ಕ್ಷಣದಲ್ಲಿ ಹಲವು ಪಟ್ಟು ಪ್ರವಾಹವನ್ನು ಎಳೆಯುವುದರಿಂದ ಅವುಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ಪ್ರತಿ ಮಂಡಲಕ್ಕೂ ತಕ್ಕ ಫ್ಯೂಸು ಇರಲೇಬೇಕು. ಕರೆಂಟು ಹೋಗಿ ಬಂದಾಗ ರಿಲೇ ತಾನಾಗಿ ಸೆಳೆಯದಂತೆ ನಿಯಂತ್ರಕಕ್ಕೆ ಆದೇಶವಿರಬೇಕು. ಯಾರೂ ಇಲ್ಲದ ಮನೆಯಲ್ಲಿ ಇಸ್ತ್ರಿಪೆಟ್ಟಿಗೆಯೊಂದು ತಾನೇ ಕಾಯತೊಡಗಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಗೋಡೆಯ ಹಳೆಯ ಸ್ವಿಚ್ಚನ್ನು ಕಿತ್ತುಹಾಕುವುದೂ ಜಾಣತನವಲ್ಲ. ಮಹಡಿಯ ಮೆಟ್ಟಿಲಿನ ದೀಪವನ್ನು ಕೆಳಗಿನಿಂದಲೂ ಮೇಲಿನಿಂದಲೂ ನಡೆಸುವ ಎರಡು ದಾರಿಯ ಸ್ವಿಚ್ಚು ಅನೇಕ ಮನೆಗಳಲ್ಲಿದೆ. ಅಂತಹ ಎರಡು ಸ್ವಿಚ್ಚುಗಳಲ್ಲಿ ಒಂದರ ಸ್ಥಾನದಲ್ಲಿ ರಿಲೇಯನ್ನು ಇಟ್ಟರೆ, ನಿಯಂತ್ರಕ ಕೆಟ್ಟ ದಿನವೂ ಮನೆಯ ಅಜ್ಜಿ ಗೋಡೆಯ ಸ್ವಿಚ್ಚಿನಿಂದಲೇ ದೀಪ ಹೊತ್ತಿಸಬಲ್ಲಳು. ಈ ಏರ್ಪಾಡಿನಲ್ಲಿ ರಿಲೇ ಸೆಳೆಯದಿದ್ದರೂ ದೀಪ ಉರಿಯುತ್ತಿರಬಹುದಾದ್ದರಿಂದ ಇದು ದೀಪಕ್ಕೆ ಮಾತ್ರ ತಕ್ಕುದು. ಕಾಯುವ ಉಪಕರಣಗಳಿಗೆ ಸಲ್ಲದು.

ಕಡೆಯದಾಗಿ ಒಂದು ಮಾತು. ರಿಲೇ ಬಾಗಿಲು ಮುಚ್ಚುವ ದ್ವಾರಪಾಲಕನೇ ಹೊರತು ಬೀಗವಲ್ಲ. ಫೋನಿನಲ್ಲಿ ದೀಪವನ್ನು ಆರಿಸಿ ಏಣಿ ಹತ್ತಿ ಹೋಲ್ಡರಿಗೆ ಕೈಯಿಟ್ಟವನಿಗೆ, ಬೇರೊಂದು ಕೋಣೆಯಲ್ಲಿರುವವರು ಅದೇ ದೀಪವನ್ನು ಹೊತ್ತಿಸಿದರೆ ಗತಿಯೇನು? ಅದರಿಂದಲೇ ದುರಸ್ತಿಗೆ ಮುನ್ನ ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸುವುದು ಬಲ್ಲವರ ಪದ್ಧತಿ. ಮನೆಯ ತಂತಿಗಳ ಜೋಡಣೆಯನ್ನು ಪರವಾನಿಗೆಯುಳ್ಳ ಕೆಲಸಗಾರರಿಗೇ ಬಿಡಬೇಕು. ವಿದ್ಯಾರ್ಥಿಗಳ ಪ್ರಯೋಗಕ್ಕೆ ಬ್ಯಾಟರಿ, ಅದಕ್ಕೆ ಹೊಂದುವ ರಿಲೇ ಮತ್ತು ಟಾರ್ಚಿನ ಬಲ್ಬು ಸಾಕು. ಹೆನ್ರಿ ಕಂಡ ತತ್ತ್ವವನ್ನು ಅರಿಯಲು 230 ವೋಲ್ಟಿನ ನೆರವು ಬೇಕಿಲ್ಲ. ಕೌಶಲಕ್ಕೆ ಎಚ್ಚರವು ಜೊತೆಗೂಡಿದಾಗಲೇ ವಿಜ್ಞಾನವು ಮನೆಗೆ ಬೆಳಕಾಗುತ್ತದೆ.

ಅಭ್ಯಾಸ

1. ರಿಲೇಯಲ್ಲಿ ಎರಡು ಬಗೆಯ ವಿದ್ಯುತ್ತು ಒಂದನ್ನೊಂದು ಸೋಕದೆ ಹೇಗೆ ಕೆಲಸ ಮಾಡುತ್ತವೆ?
2. ಸ್ವಿಚ್ಚು ಫೇಸ್ ತಂತಿಯಲ್ಲಿಯೇ ಇರಬೇಕು, ಏಕೆ?
3. “ರಿಲೇ ಬಾಗಿಲು ಮುಚ್ಚುವ ದ್ವಾರಪಾಲಕನೇ ಹೊರತು ಬೀಗವಲ್ಲ” – ಈ ಮಾತನ್ನು ವಿವರಿಸಿರಿ.